ಸ್ಟಾರ್ಟರ್ ಡಬ್ಬಕ್ಕೂ ಒಂದು ಸಿಮ್ಮು

ನಮ್ಮ ಹಾಸ್ಟೆಲ್‌ನಲ್ಲಿ ಯಾರಾದರೂ "ನಂದು ಬಿಎಸ್‌ಎನ್‌ಎಲ್ ಸಿಮ್ಮು" ಅಂದ್ರೆ ಸಾಕು, ಮೊದಲು ಎಲ್ಲರೂ ನಗ್ತಾರೆ. ಆಮೇಲೆ ಯಾರೋ ಒಬ್ಬ 'ಭಾಯಿ ಸಾಬ್ ನಹೀ ಲಗೇಗಾ' ಅನ್ನೋ ಹಳೇ ಜೋಕನ್ನ ತಾನೇ ಕಂಡುಹಿಡಿದ ಹಾಗೆ ಹೇಳ್ತಾನೆ. ನಾವೂ ನಗ್ತೀವಿ. ಜೋಕು ಕೆಟ್ಟದ್ದೇನಲ್ಲ. ಆದ್ರೆ ಹೋದ ಸಲ ನಗ್ತಿರುವಾಗಲೇ ಒಂದು ಲೆಕ್ಕ ತಲೆಗೆ ಬಂತು. ನಮ್ಮ ಮನೆಯಲ್ಲಿ ಜನ ಇರೋದು ಆರು, ಸಿಮ್ಮುಗಳು ಇರೋದು ಏಳು. ಏಳನೇದು ತೋಟದ ಬೋರ್‌ವೆಲ್ ಸ್ಟಾರ್ಟರ್ ಡಬ್ಬದೊಳಗೆ ಕೂತಿದೆ. ಅದರ ಬಗ್ಗೆ ಬರೀಬೇಕು ಅನ್ನಿಸಿತು. ಅದರ ಬಗ್ಗೆ ಬರೆಯೋಕೆ ಹೊರಟ್ರೆ ಬಿಎಸ್‌ಎನ್‌ಎಲ್ ಬಗ್ಗೆ ಬರೀದೆ ಇರೋಕೆ ಆಗಲ್ಲ.

ಮೊದಲೇ ಒಂದು ಮಾತು. ಇಲ್ಲಿ 'ನಾವು' ಅಂತ ಬಂದಾಗಲೆಲ್ಲ ನಮ್ಮ ಮನೆಯವರು ಅಂತ ಓದ್ಕೊಳ್ಳಿ. ಟೈಪ್ ಮಾಡಿದ ಕೈ ಒಬ್ಬರದ್ದೇ ಆದ್ರೂ ಮಾತು ಮನೆಯದ್ದು: ತಾತ, ಅಜ್ಜಿ, ಅಪ್ಪ, ಅಮ್ಮ, ಡಿಗ್ರಿ ಮುಗಿಸಿ ತುಮಕೂರಲ್ಲಿ ಕೆಲಸಕ್ಕಿರೋ ಅಕ್ಕ, ಮತ್ತೆ ಸೆಕೆಂಡ್ ಇಯರ್‌ನಲ್ಲಿರೋ ಈ ಹತ್ತೊಂಬತ್ತು ವರ್ಷದ ಪ್ರಾಣಿ. ಎಲ್‌ಕೆಜಿಯಿಂದ ಓದಿದ್ದು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಮಾತಾಡೋ ಕನ್ನಡ ಮತ್ತು ಪುಸ್ತಕದ ಕನ್ನಡ ಎರಡೂ ಕಲಸಿಕೊಂಡು ಬರುತ್ತೆ, ಸ್ವಲ್ಪ ಸುಧಾರಿಸಿಕೊಳ್ಳಿ.

ಕೆ.ಬಿ. ಕ್ರಾಸ್ ಮತ್ತು 08134

ಕಿಬ್ಬನಹಳ್ಳಿ ಅಂದ್ರೆ ನಿಮಗೆ ತಕ್ಷಣ ಗೊತ್ತಾಗದೆ ಇರಬಹುದು. ಕೆ.ಬಿ. ಕ್ರಾಸ್ ಅಂದ್ರೆ ಗೊತ್ತಾಗುತ್ತೆ. ಬೆಂಗಳೂರಿಂದ ಶಿವಮೊಗ್ಗದ ಕಡೆ ಬಸ್ಸಲ್ಲಿ ಹೋದವರೆಲ್ಲ ಆ ಹೆಸರನ್ನ ಕಂಡಕ್ಟರ್ ಬಾಯಲ್ಲಿ ಕೇಳಿರ್ತಾರೆ. ಅಲ್ಲಿಂದ ಒಂದು ದಾರಿ ತಿಪಟೂರಿಗೆ, ಒಂದು ತುಮಕೂರಿಗೆ, ಒಂದು ಚಿಕ್ಕನಾಯಕನಹಳ್ಳಿಗೆ, ಇನ್ನೊಂದು ತುರುವೇಕೆರೆಗೆ ಹೋಗುತ್ತೆ. ನಾಲ್ಕು ದಾರಿಯಲ್ಲಿ ಯಾವುದನ್ನ ಹಿಡಿದ್ರೂ ಎರಡೂ ಕಡೆ ತೆಂಗಿನ ತೋಟವೇ. ಕಲ್ಪತರು ನಾಡು ಅಂತ ಬೋರ್ಡಲ್ಲಿ ಬರೆದಿರ್ತಾರಲ್ಲ, ಅದು ಇದೇ.

ಈ ಮೂರೂ ಪಟ್ಟಣಗಳಿಗೂ ಫೋನಿನಲ್ಲಿ ಬೇರೆ ಬೇರೆ ಕೋಡು. ತಿಪಟೂರು 08134, ಚಿಕ್ಕನಾಯಕನಹಳ್ಳಿ 08133, ತುರುವೇಕೆರೆ 08139. ಇದನ್ನ ನಾವು ಪುಸ್ತಕ ನೋಡಿ ಕಲಿತಿದ್ದಲ್ಲ. ತಾತನ ಹಳೇ ಡೈರಿಯಲ್ಲಿ ನೆಂಟರ ಹೆಸರಿಗಿಂತ ದಪ್ಪಕ್ಕೆ ಕೋಡುಗಳನ್ನ ಬರೆದಿದ್ದಾರೆ. ತುರುವೇಕೆರೆ ಕಡೆಗೆ ಹೆಣ್ಣು ಕೊಟ್ಟಿದ್ದು, ಚಿಕ್ಕನಾಯಕನಹಳ್ಳಿ ಕಡೆಯಿಂದ ಸೊಸೆ ತಂದಿದ್ದು. ಕ್ರಾಸಿನಲ್ಲಿ ನಿಂತ್ರೆ ಎಲ್ಲಾ ಹತ್ತಿರವೇ, ಫೋನು ಮಾಡೋಕೆ ಹೋದ್ರೆ ಮಾತ್ರ ಎಸ್‌ಟಿಡಿ. ಅತ್ತೆಗೆ ಹೆರಿಗೆ ಆದಾಗ ಸುದ್ದಿ ಬಂದಿದ್ದು ಕ್ರಾಸಿನ ಹಳದಿ ಬೋರ್ಡಿನ ಎಸ್‌ಟಿಡಿ ಬೂತಿಗೆ. ಅಲ್ಲಿಂದ ಹುಡುಗನೊಬ್ಬ ಸೈಕಲ್ ಹೊಡ್ಕೊಂಡು ಬಂದು ಹೇಳಿ, ಒಂದು ಲೋಟ ಕಾಫಿ ಕುಡಿದು ಹೋದನಂತೆ.

ಮನೆಗೆ ಲ್ಯಾಂಡ್‌ಲೈನ್ ಬಂದ ಮೇಲೆ ತಾತ ಅದನ್ನ ಮುಖ್ಯವಾಗಿ ಬಳಸಿದ್ದು ಒಂದೇ ಕೆಲಸಕ್ಕೆ. ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಹರಾಜು ಆದ ದಿನ ಮಂಡಿಗೆ ಫೋನು ಮಾಡಿ ರೇಟು ಕೇಳೋದು. ಉಂಡೆ ಕೊಬ್ಬರಿ ಅಂದ್ರೆ ಕಾಯನ್ನ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿಸಿ, ಒಳಗೆ ತಿರುಳು ಬಿಟ್ಟುಕೊಂಡು ಗುಡುಗುಡು ಅಂತ ಉರುಳೋ ಶಬ್ದ ಬಂದಾಗ ಸುಲಿದು ಒಡೆಯೋದು. ವರ್ಷದ ದುಡಿಮೆ ಅಷ್ಟೂ ಅಟ್ಟದ ಮೇಲಿರುತ್ತೆ. ಮನೆ ಬಾಗಿಲಿಗೆ ಬರೋ ವ್ಯಾಪಾರಿ "ಈ ವಾರ ರೇಟು ಬಿದ್ದೋಯ್ತು ಗೌಡ್ರೇ" ಅಂದ್ರೆ ಅದು ನಿಜವೋ ಸುಳ್ಳೋ ಹೇಳೋರು ಯಾರು? ಫೋನು ಹೇಳ್ತಿತ್ತು. "ಫೋನ್ ಬಿಲ್ಲು ತಿಂಗಳಿಗೆ ಇನ್ನೂರು ಬರ್ಲಿ, ಕ್ವಿಂಟಾಲಿಗೆ ನೂರು ರೂಪಾಯಿ ಉಳುದ್ರೆ ಅದು ಗಿಟ್ತು ಕಣ್ಲಾ" ಅಂತ ತಾತ ಈಗಲೂ ಲೆಕ್ಕ ಹೇಳ್ತಾರೆ.

ಕಿತ್ತೂರಿನ ಒಂದು ಪೆಟ್ಟಿಗೆ

ಹಳ್ಳಿಗೆ ಫೋನು ಬಂದ ಕಥೆಯಲ್ಲಿ ನಮ್ಮಂಥ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಗೊತ್ತಿರಬೇಕಾದ ಒಂದು ಭಾಗ ಇದೆ. ನಮ್ಮ ಸಿಲಬಸ್‌ನಲ್ಲಿ ಅದು ಬರಲ್ಲ.

1980ರ ದಶಕದ ತನಕ ಟೆಲಿಫೋನ್ ಎಕ್ಸ್‌ಚೇಂಜ್ ಅಂದ್ರೆ ಹೊರದೇಶದ ವಿನ್ಯಾಸ, ದೊಡ್ಡ ಕಟ್ಟಡ, ದೊಡ್ಡ ಊರು. ಹೊರಗಿನಿಂದ ತಂದ ಡಿಜಿಟಲ್ ಎಕ್ಸ್‌ಚೇಂಜಿಗೆ ಎಸಿ ರೂಮು ಬೇಕು. ನಮ್ಮ ಹಳ್ಳಿಗಳಲ್ಲಿ ಕರೆಂಟೇ ಇರ್ತಿರಲಿಲ್ಲ, ಎಸಿ ಎಲ್ಲಿಂದ? 1984ರಲ್ಲಿ ಸಿ-ಡಾಟ್ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ ಶುರುವಾಯ್ತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದ ದೊಡ್ಡ ಹೆಸರು. ಅಲ್ಲಿಗೆ ಸೇರಿದವರಲ್ಲಿ ಬಹಳ ಜನ ಆಗಷ್ಟೇ ಕಾಲೇಜು ಮುಗಿಸಿದ ಹುಡುಗರು. ಅವರು ಮಾಡಿದ್ದು 128 ಪೋರ್ಟಿನ ಒಂದು ಪುಟ್ಟ ಎಕ್ಸ್‌ಚೇಂಜು. ಹೆಸರು ರೂರಲ್ ಆಟೋಮ್ಯಾಟಿಕ್ ಎಕ್ಸ್‌ಚೇಂಜ್, ಬಾಯಲ್ಲಿ ಹೇಳೋಕೆ ರ‍್ಯಾಕ್ಸ್. ಅದರ ವಿಶೇಷ ಇಷ್ಟೇ: ಎಸಿ ಬೇಡ, ಕರೆಂಟು ಕಡಿಮೆ ಸಾಕು, ಧೂಳಿದ್ರೂ ಸೆಕೆಯಿದ್ರೂ ಓಡುತ್ತೆ. ಮೊದಲನೆಯದನ್ನ 1986ರಲ್ಲಿ ಹಾಕಿದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ.

ಹೊರಗಿನಿಂದ ತಂದ ಮೆಷಿನ್ನಿಗೆ ನಮ್ಮ ಊರು ಹೊಂದಿಕೊಳ್ಳಬೇಕಿತ್ತು. ಇದು ನಮ್ಮ ಊರಿಗೆ ಹೊಂದಿಕೊಂಡ ಮೆಷಿನ್ನು. ಆಮೇಲೆ ದೇಶದ ಸಾವಿರಾರು ಹಳ್ಳಿಗಳಿಗೆ ಡಯಲ್ ಟೋನ್ ಹೋಗಿದ್ದು ಇಂಥ ಪೆಟ್ಟಿಗೆಗಳಿಂದ. ನಮ್ಮ ತಾತ ಮಂಡಿಗೆ ಫೋನು ಮಾಡ್ತಿದ್ದ ಕಾಲ ಅಂದ್ರೆ ಇದೇ ಕಾಲ.

ಆಗ ಇದನ್ನೆಲ್ಲ ನಡೆಸ್ತಿದ್ದಿದ್ದು ಟೆಲಿಕಾಂ ಇಲಾಖೆ. ಜನ ಈಗಲೂ 'ಟೆಲಿಫೋನ್ ಡಿಪಾರ್ಟ್‌ಮೆಂಟ್' ಅಂತಲೇ ಅನ್ನೋದು. 2000ದ ಅಕ್ಟೋಬರ್ 1ಕ್ಕೆ ಇಲಾಖೆಯ ಕೆಲಸ ಭಾರತ ಸಂಚಾರ ನಿಗಮ ಅನ್ನೋ ಸರ್ಕಾರಿ ಕಂಪನಿಗೆ ಹೋಯ್ತು. ಬೋರ್ಡು ಬದಲಾಯ್ತು. ಕಂಬ, ಕೇಬಲ್ಲು, ಕಂಬ ಹತ್ತೋ ಲೈನ್‌ಮನ್ ಅಣ್ಣ ಎಲ್ಲಾ ಅವರೇ.

ಒಂದು ರೂಪಾಯಿಗೆ ಇಡೀ ದೇಶ

ದೇಶದಲ್ಲಿ ಮೊಬೈಲು ಶುರುವಾಗಿದ್ದು 1995ರಲ್ಲಿ. ಆದ್ರೆ ಅದು ನಮ್ಮಂಥವರಿಗೆ ಅಂತ ಬಂದಿದ್ದಲ್ಲ. ನಿಮಿಷಕ್ಕೆ ಹದಿನಾರು ರೂಪಾಯಿ, ಜೊತೆಗೆ ಬೇರೆಯವರು ನಮಗೆ ಮಾಡಿದ ಕರೆಗೂ ನಾವೇ ದುಡ್ಡು ಕೊಡಬೇಕು. ಈಗಿನವರಿಗೆ ಇದನ್ನ ಹೇಳಿದ್ರೆ ನಂಬಲ್ಲ. ಬೀದಿಯಲ್ಲಿ ಯಾರೋ ನಿಮ್ಮ ಹೆಸರು ಕೂಗಿದ್ದಕ್ಕೆ ನೀವು ದುಡ್ಡು ಕೊಟ್ಟ ಹಾಗೆ.

ಬಿಎಸ್‌ಎನ್‌ಎಲ್ ಮೊಬೈಲು ಬಂದಿದ್ದು 2002ರ ಅಕ್ಟೋಬರಿನಲ್ಲಿ. ಪ್ರಧಾನಿ ವಾಜಪೇಯಿ ಅವರು ಲಕ್ನೋದಲ್ಲಿ ಉದ್ಘಾಟಿಸಿದ್ರು. ಸೆಲ್‌ಒನ್ ಅಂತ ಹೆಸರು. 2003ರಲ್ಲಿ ಒಳಬರೋ ಕರೆ ಎಲ್ಲಾ ಕಂಪನಿಯವರಲ್ಲೂ ಫ್ರೀ ಆಯ್ತು. 2006ರ ಮಾರ್ಚಿನಲ್ಲಿ ಒನ್ ಇಂಡಿಯಾ ಅನ್ನೋ ಪ್ಲಾನು ಬಂತು: ದೇಶದ ಯಾವ ಮೂಲೆಗೆ ಮಾಡಿದ್ರೂ ನಿಮಿಷಕ್ಕೆ ಒಂದು ರೂಪಾಯಿ. ತುರುವೇಕೆರೆಗೂ ಅಷ್ಟೇ, ದೆಹಲಿಗೂ ಅಷ್ಟೇ. ತಾತನ ಡೈರಿಯಲ್ಲಿದ್ದ ದಪ್ಪ ಕೋಡುಗಳೆಲ್ಲ ಅವತ್ತೇ ರಿಟೈರ್ ಆದವು.

ನಮ್ಮ ಕಡೆ 9448 ಅಥವಾ 9449ರಿಂದ ಶುರುವಾಗೋ ನಂಬರು ಇದ್ರೆ ಅದು ಆ ಕಾಲದ್ದು ಅಂತ ಕಣ್ಣು ಮುಚ್ಚಿ ಹೇಳಬಹುದು. ಮದುವೆ ಕಾರ್ಡಿನ ಕೆಳಗೆ, ಎಳನೀರು ಲಾರಿ ಮೇಲೆ, ರೈಸ್ ಮಿಲ್ಲಿನ ಗೋಡೆ ಮೇಲೆ ಈಗಲೂ ಆ ನಂಬರುಗಳಿವೆ. ತಾತನದ್ದೂ 9448ರದ್ದೇ. 2011ರ ಜನವರಿಯಿಂದ ನಂಬರು ಹಾಗೇ ಇಟ್ಕೊಂಡು ಕಂಪನಿ ಬದಲಾಯಿಸಬಹುದು. ಹಾಗಾಗಿ ನಂಬರು ಹೋಗುತ್ತೆ ಅನ್ನೋ ಭಯಕ್ಕೆ ತಾತ ಬಿಎಸ್‌ಎನ್‌ಎಲ್‌ನಲ್ಲೇ ಉಳಿದಿದ್ದಲ್ಲ. ಕೇಳಿದ್ರೆ "ಅದ್ರಲ್ಲೇನೈತೆ ತೊಂದ್ರೆ?" ಅಂತಾರೆ. ಅದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ. ಕೀಪ್ಯಾಡ್ ಫೋನಿಗೆ ಬೇಕಾದ್ದು ಕರೆ ಅಷ್ಟೇ, ಅದು ಬರ್ತಿತ್ತು.

ಮೆಸೇಜ್ ಓದೋಕೆ ಬಾರದ ಗ್ರಾಹಕ

ಈಗ ಸ್ಟಾರ್ಟರ್ ಡಬ್ಬಕ್ಕೆ ಬರೋಣ. ಪೇಟೆಯಲ್ಲಿ ಬೆಳೆದವರಿಗೆ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು.

ಬೋರ್‌ವೆಲ್ ಮೋಟ್ರು ಓಡಬೇಕಾದ್ರೆ ತ್ರೀ ಫೇಸ್ ಕರೆಂಟು ಬೇಕು. ಅದು ತೋಟಕ್ಕೆ ದಿನಕ್ಕೆ ಕೆಲವೇ ಗಂಟೆ ಬರೋದು, ಅದರಲ್ಲಿ ಅರ್ಧ ರಾತ್ರಿ ಹೊತ್ತು. ಮುಂಚೆ ಎಲ್ಲಾ ಮನೆಯಲ್ಲೂ ಒಬ್ಬರು ಟಾರ್ಚು ಹಿಡ್ಕೊಂಡು ಹನ್ನೊಂದಕ್ಕೋ ಎರಡಕ್ಕೋ ತೋಟಕ್ಕೆ ಹೋಗಿ ಸ್ಟಾರ್ಟರ್ ಒತ್ತಬೇಕಿತ್ತು. ಬದುವಿನಲ್ಲಿ ಹಾವು, ಆಚೆ ಗುಡ್ಡದ ಕಡೆಯಿಂದ ಚಿರತೆ. ಹೋದವರು ವಾಪಸ್ ಬರೋ ತನಕ ಮನೆಯಲ್ಲಿ ಹೆಂಗಸರು ನಿದ್ದೆ ಮಾಡ್ತಿರಲಿಲ್ಲ.

ಮೊಬೈಲ್ ಸ್ಟಾರ್ಟರ್ ಬಂದ ಮೇಲೆ ಇದು ನಿಂತಿತು. ಸ್ಟಾರ್ಟರಿಗೆ ಒಂದು ಜಿಎಸ್‌ಎಂ ಮಾಡ್ಯೂಲು, ಅದರೊಳಗೆ ಒಂದು ಸಿಮ್ಮು. ಮನೆಯಿಂದ ಆ ನಂಬರಿಗೆ ಕಾಲ್ ಮಾಡಿದ್ರೆ ಅದು ಎತ್ತುತ್ತೆ, ಕರೆಂಟು ಇದೆಯಾ ಇಲ್ವಾ ಹೇಳುತ್ತೆ, ಒಂದು ಒತ್ತಿದ್ರೆ ಮೋಟ್ರು ಆನ್, ಇನ್ನೊಂದು ಒತ್ತಿದ್ರೆ ಆಫ್. ಬೋರಲ್ಲಿ ನೀರು ಬರದಿದ್ರೆ ತಾನೇ ನಿಲ್ಲಿಸುತ್ತೆ. ನಮ್ಮ ಅಜ್ಜಿ ಓದಿಲ್ಲ, ಬರೆಯಲ್ಲ, ಆದ್ರೆ ಮಂಚದ ಮೇಲೆ ಕೂತು ಅರ್ಧ ಕಿಲೋಮೀಟರ್ ದೂರದ ಐದು ಎಚ್‌ಪಿ ಮೋಟ್ರನ್ನ ಬೆರಳಲ್ಲಿ ಓಡಿಸ್ತಾರೆ. ನಾವು ಕಾಲೇಜಲ್ಲಿ 'ಐಒಟಿ' ಅಂತ ಪಿಪಿಟಿ ಮಾಡೋಕೆ ಮುಂಚೆಯೇ ನಮ್ಮ ತೋಟದಲ್ಲಿ ಐಒಟಿ ಇತ್ತು. ಯಾರೂ ಅದಕ್ಕೆ ಆ ಹೆಸರು ಇಟ್ಟಿರಲಿಲ್ಲ ಅಷ್ಟೇ.

ಆ ಸಿಮ್ಮು ಒಂದು ಖಾಸಗಿ ಕಂಪನಿಯದ್ದು. ಯಾವುದು ಅನ್ನೋದು ಇಲ್ಲಿ ಬೇಡ. 2024ರ ಬೇಸಿಗೆ ನಿಮಗೆ ನೆನಪಿರಬೇಕು. ಅದರ ಹಿಂದಿನ ವರ್ಷ ಮಳೆ ಕೈಕೊಟ್ಟು ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರ ಅಂತ ಘೋಷಣೆಯಾಗಿದ್ದವು. ಕೆರೆ ಒಣಗಿತ್ತು, ತೆಂಗಿನ ಗರಿ ಜೋತು ಬಿದ್ದಿತ್ತು. ಬೋರಲ್ಲಿ ಬರೋ ಒಂದೂವರೆ ಇಂಚು ನೀರನ್ನ ಕರೆಂಟು ಬಂದಷ್ಟು ಹೊತ್ತೂ ಎತ್ತಿದ್ರೆ ಮಾತ್ರ ಮರ ಉಳಿಯೋದು. ಏಪ್ರಿಲ್‌ನ ಒಂದು ರಾತ್ರಿ ಅಜ್ಜಿ ಫೋನು ಮಾಡಿದ್ರೆ ಸ್ಟಾರ್ಟರ್ ಎತ್ತಲಿಲ್ಲ. ಮತ್ತೆ ಮಾಡಿದ್ರು, ಎತ್ತಲಿಲ್ಲ. ಅಪ್ಪ ಊರಲ್ಲಿರಲಿಲ್ಲ. ಎಪ್ಪತ್ತೆರಡು ವರ್ಷದ ತಾತ "ನಾನೇ ಹೋಗಿ ಹಾಕ್‌ಬತ್ತೀನಿ" ಅಂತ ಟಾರ್ಚು ತಗೊಂಡು ಹೋದ್ರು. ಮೋಟ್ರು ಹಾಕಿದ್ರು. ವಾಪಸ್ ಬರುವಾಗ ಬದುವಿನಿಂದ ಕಾಲು ಜಾರಿ ಕಾಲುವೆಗೆ ಬಿದ್ರು. ಅರ್ಧ ಗಂಟೆಯಾದ್ರೂ ಬರಲಿಲ್ಲ ಅಂತ ಅಮ್ಮ ಪಕ್ಕದ ತೋಟದವರನ್ನ ಎಬ್ಬಿಸ್ಕೊಂಡು ಹೋಗಿ ನೋಡಿದ್ರೆ, ಕಾಲು ಊರೋಕೆ ಆಗದೆ ತೆಂಗಿನ ಬುಡಕ್ಕೆ ಒರಗಿಕೊಂಡು ಕೂತಿದ್ರು. ಪಾದದ ಹತ್ರ ಮೂಳೆ ಸೀಳಿತ್ತು. ಒಂದೂವರೆ ತಿಂಗಳು ಬ್ಯಾಂಡೇಜು.

ಬೆಳಗ್ಗೆ ನೋಡಿದಾಗ ಗೊತ್ತಾಗಿದ್ದು: ಸಿಮ್ಮಿನ ವ್ಯಾಲಿಡಿಟಿ ಮುಗಿದು, ಒಳಬರೋ ಕರೆಯನ್ನೂ ನಿಲ್ಲಿಸಿದ್ರು. ಮುಂಚೆಯೇ ಎಚ್ಚರಿಕೆ ಕೊಟ್ಟಿಲ್ವಾ ಅಂದ್ರೆ ಕೊಟ್ಟಿದ್ದಾರೆ, ಒಂದಲ್ಲ, ನಾಲ್ಕೈದು ಮೆಸೇಜು. ಆದ್ರೆ ಆ ಮೆಸೇಜುಗಳೆಲ್ಲ ಹೋಗಿದ್ದು ಸ್ಟಾರ್ಟರ್ ಡಬ್ಬಕ್ಕೆ. ಡಬ್ಬಕ್ಕೆ ಓದೋಕೆ ಬರಲ್ಲ. ಗ್ರಾಹಕ ಅಂದ್ರೆ ಕೈಯಲ್ಲಿ ಫೋನು ಹಿಡಿದ ಮನುಷ್ಯ ಅಂತಲೇ ಅಂದುಕೊಂಡು ಮಾಡಿದ ವ್ಯವಸ್ಥೆ ಅದು. ತೋಟದಲ್ಲಿ ಒಂಟಿಯಾಗಿ ನಿಂತಿರೋ ತಗಡಿನ ಡಬ್ಬವೂ ಗ್ರಾಹಕ ಅನ್ನೋದು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಇಪ್ಪತ್ತೆಂಟು ದಿನದ ತಿಂಗಳು

ತಾತ ಎದ್ದು ಓಡಾಡೋ ಹೊತ್ತಿಗೆ ಜುಲೈ ಬಂತು. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದರ ಹಿಂದೆ ಒಂದು ರೇಟು ಏರಿಸಿದ್ದು ನಿಮಗೆಲ್ಲ ಗೊತ್ತು. ಅವತ್ತು ರಾತ್ರಿ ಊಟ ಆದ ಮೇಲೆ ನಮ್ಮ ಮನೆಯಲ್ಲಿ ಅಧಿವೇಶನವೇ ನಡೀತು. ಅಕ್ಕ ಫೋನಲ್ಲಿ ಕ್ಯಾಲ್ಕುಲೇಟರ್ ತೆಗೆದಳು.

ಖಾಸಗಿಯವರ ಅತಿ ಕಡಿಮೆ ಬೆಲೆಯ ಮಾಮೂಲಿ ಪ್ಲಾನು ಹೆಚ್ಚು ಕಡಿಮೆ 199 ರೂಪಾಯಿಗೆ ಬಂದು ನಿಂತಿತ್ತು, 28 ದಿನಕ್ಕೆ. 28 ದಿನಕ್ಕೊಂದು ತಿಂಗಳು ಅಂದ್ರೆ ವರ್ಷಕ್ಕೆ ಹದಿಮೂರು ತಿಂಗಳು ಆಗುತ್ತೆ. ಹದಿಮೂರು ಸಲ 199 ಅಂದ್ರೆ 2587 ರೂಪಾಯಿ. ಆಗ ಬಿಎಸ್‌ಎನ್‌ಎಲ್‌ನಲ್ಲಿ 107 ರೂಪಾಯಿಗೆ 35 ದಿನದ ಪ್ಲಾನು ಇತ್ತು. ವರ್ಷಕ್ಕೆ ಹನ್ನೊಂದು ಸಲ ಹಾಕಿಸಿದ್ರೂ 1177 ರೂಪಾಯಿ. ಡಬ್ಬಕ್ಕೆ ದಿನಕ್ಕೆ ಒಂದೂವರೆ ಜಿಬಿ ಡೇಟಾ ಕೊಟ್ಟು ಏನು ಪ್ರಯೋಜನ? ಅದು ರೀಲ್ಸ್ ನೋಡುತ್ತಾ?

ಅಪ್ಪನ ವಾದ ಬೇರೆ. "ಎಲ್ಲಾನೂ ಒಂದೇ ಕಂಪನಿಗೆ ಹಾಕ್ಸೋಣ. ಮಕ್ಕಳಿಗೆ ಫಾಸ್ಟ್ ನೆಟ್ಟು ಬೇಕು, ಪಾಠ ಅದ್ರಲ್ಲೇ ಓದ್ತಾರೆ. ಬಿಎಸ್‌ಎನ್‌ಎಲ್ ಇವತ್ತಿದ್ದು ನಾಳೆ ಮುಚ್ಚಿದ್ರೆ?" ಅಪ್ಪ ಹೇಳಿದ್ದು ಸುಮ್ಮನೆ ಅಲ್ಲ. ಖಾಸಗಿಯವರು 2012ರಲ್ಲೇ 4ಜಿ ಶುರು ಮಾಡಿದ್ರು, 2016ರಲ್ಲಿ ಜಿಯೋ ಬಂದು ಇಡೀ ಆಟವೇ ಬದಲಾಯ್ತು. ಬಿಎಸ್‌ಎನ್‌ಎಲ್‌ಗೆ 4ಜಿ ತರಂಗಾಂತರ ಕೊಡೋದು ಅಂತ ಸರ್ಕಾರ ತೀರ್ಮಾನ ಮಾಡಿದ್ದೇ 2019ರ ಅಕ್ಟೋಬರಿನಲ್ಲಿ. ಅದೇ ಪ್ಯಾಕೇಜಿನಲ್ಲಿ ಸ್ವಯಂ ನಿವೃತ್ತಿ ಯೋಜನೆಯೂ ಬಂತು. 2020ರ ಜನವರಿ 31ರ ಒಂದೇ ದಿನ 78 ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಟ್ಟರು, ಅಂದ್ರೆ ಕಂಪನಿಯ ಅರ್ಧದಷ್ಟು ಜನ. ಮೊದಲ ಪ್ಯಾರಾದ ಜೋಕಿಗೆ ಹಿನ್ನೆಲೆ ಇದು.

ತಾತ ಎಲ್ಲಾ ಕೇಳಿಸ್ಕೊಂಡು ಕೊನೆಗೆ ಹೇಳಿದ್ದು: "ನಿಮ್ ನೆಟ್ಟು ನೀವು ಯಾವ್ದಾರಾ ಹಾಕ್ಕಳ್ರಪ್ಪ. ಡಬ್ಬಕ್ಕೂ ನಂಗೂ ಮಾತ್ರ ಒಂದೇ ಇರ್ಲಿ. ಇಬ್ರೂ ಎತ್ತೋದಷ್ಟೇ ಅಲ್ವಾ ಕೆಲ್ಸ?"

ಅಮ್ಮ ನಕ್ಕಿದ್ದಕ್ಕೆ ಸಭೆ ಮುಗೀತು. ಡಬ್ಬಕ್ಕೆ ಬಿಎಸ್‌ಎನ್‌ಎಲ್ ಸಿಮ್ಮು ಬಂತು. ರೀಚಾರ್ಜ್ ತಾರೀಕನ್ನ ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕೆಂಪು ಪೆನ್ನಲ್ಲಿ ಗುರುತು ಹಾಕ್ತಾರೆ. ಇದಕ್ಕಿಂತ ಒಳ್ಳೇ ನೋಟಿಫಿಕೇಶನ್ ವ್ಯವಸ್ಥೆ ನಾವು ಇನ್ನೂ ಕಂಡಿಲ್ಲ.

ನಮ್ಮ ಮನೆಯಂಥ ಮನೆಗಳು ಬಹಳ ಇದ್ದವು ಅನ್ಸುತ್ತೆ. ಟ್ರಾಯ್ ಲೆಕ್ಕದ ಪ್ರಕಾರ ಆ ಜುಲೈ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ಗೆ 29 ಲಕ್ಷಕ್ಕೂ ಹೆಚ್ಚು ಗ್ರಾಹಕರು ಸೇರಿದ್ರು, ಮೂರೂ ಖಾಸಗಿಯವರು ಕಳ್ಕೊಂಡ್ರು. ಇದನ್ನ ದೊಡ್ಡ ಗೆಲುವು ಅಂತ ಹೇಳೋಕಾಗಲ್ಲ, ವರ್ಷದ ಕೊನೆಗೆ ಆ ಏರಿಕೆ ನಿಂತು ಮತ್ತೆ ಇಳಿಯೋಕೆ ಶುರುವಾಯ್ತು. ಆದ್ರೆ 2024ರ ಡಿಸೆಂಬರಿನಲ್ಲಿ ಟ್ರಾಯ್ ಒಂದು ನಿಯಮ ತಂತು: ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಎಸ್‌ಎಂಎಸ್ ಇರೋ ಪ್ಲಾನನ್ನೂ ಎಲ್ಲಾ ಕಂಪನಿಗಳು ಇಡಲೇಬೇಕು ಅಂತ. ಕೀಪ್ಯಾಡ್ ಫೋನಿನ ತಾತಂದಿರ ಪರವಾಗಿ ಬಂದ ನಿಯಮ ಅದು. ಡಬ್ಬಗಳಿಗೂ ಒಳ್ಳೇದೇ ಆಯ್ತು.

ಗರಿ, ನೀರು ಮತ್ತು ಒಂಬತ್ತೂವರೆ ಡೆಸಿಬೆಲ್

ಇಸಿ ಬ್ರಾಂಚಿನವರು ಸ್ವಲ್ಪ ಗಮನ ಕೊಡಿ, ಬೇರೆಯವರು ಬೇಕಿದ್ರೆ ಮುಂದಿನ ಪ್ಯಾರಾಕ್ಕೆ ಹೋಗಬಹುದು.

ತೆಂಗಿನ ತೋಟದಲ್ಲಿ ಸಿಗ್ನಲ್ ಯಾಕೆ ಬೀಳುತ್ತೆ? ಗರಿಯಲ್ಲಿ ನೀರಿನಂಶ ಇರುತ್ತೆ, ರೇಡಿಯೋ ಅಲೆಯನ್ನ ಅದು ಹೀರಿಕೊಳ್ಳುತ್ತೆ, ಚದುರಿಸುತ್ತೆ. ಫ್ರೀಕ್ವೆನ್ಸಿ ಹೆಚ್ಚಾದಷ್ಟೂ ಈ ನಷ್ಟ ಹೆಚ್ಚು. ಎಲೆಯ ಮಾತು ಬಿಡಿ, ಬಯಲಿನ ಲೆಕ್ಕವೇ ನೋಡಿ. ಫ್ರೀ ಸ್ಪೇಸ್ ಪಾತ್ ಲಾಸ್ ಸೂತ್ರದಲ್ಲಿ ಫ್ರೀಕ್ವೆನ್ಸಿ ಮೂರು ಪಟ್ಟಾದ್ರೆ ನಷ್ಟ ಸುಮಾರು 9.5 ಡೆಸಿಬೆಲ್ ಜಾಸ್ತಿ, ಅಂದ್ರೆ ಸಿಗೋ ಪವರ್ ಒಂಬತ್ತರಲ್ಲಿ ಒಂದು ಭಾಗ. ಬಿಎಸ್‌ಎನ್‌ಎಲ್ 4ಜಿಗೆ ಸಿಕ್ಕಿರೋ ಬ್ಯಾಂಡುಗಳು 700 ಮೆಗಾಹರ್ಟ್ಜ್ ಮತ್ತು 2100 ಮೆಗಾಹರ್ಟ್ಜ್. ಸರಿಯಾಗಿ ಮೂರು ಪಟ್ಟು. ಪರೀಕ್ಷೆಗೆ ಇದಕ್ಕಿಂತ ಚೆನ್ನಾಗಿರೋ ಲೆಕ್ಕ ಸಿಗಲ್ಲ. 700 ಬ್ಯಾಂಡು ಇಂಥ ತೋಟಗಳಿಗೆ, ಮಲೆನಾಡಿನ ಕಾಡಿಗೆ, ಮನೆಯೊಳಗಿನ ಅಡುಗೆಮನೆಗೆ ಬೆಲೆಬಾಳೋದು ಇದೇ ಕಾರಣಕ್ಕೆ. ಹಳೇ 2ಜಿ ಡಬ್ಬ ತೋಟದ ನಡುವೆಯೂ ಕರೆ ಎತ್ತೋದಕ್ಕೆ 900ರ ಬ್ಯಾಂಡೂ ಒಂದು ಕಾರಣ.

4ಜಿ ತಡವಾಗಿದ್ದರ ಹಿಂದೆ ಇನ್ನೊಂದು ಕಥೆ ಇದೆ. 2020ರಲ್ಲಿ ಕರೆದ ಟೆಂಡರು, ಗಾಲ್ವಾನ್ ಗಲಾಟೆಯ ನಂತರ ರದ್ದಾಯ್ತು. ಹೊರಗಿನ ಉಪಕರಣ ಬೇಡ, ಇಲ್ಲೇ ಮಾಡಿದ್ದು ಬೇಕು ಅಂತ ಸರ್ಕಾರ ಹೇಳ್ತು. ಮೊಬೈಲ್ ನೆಟ್‌ವರ್ಕಿನ ಉಪಕರಣ ಮಾಡೋರು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು: ಸ್ವೀಡನ್ನಿನ ಎರಿಕ್ಸನ್, ಫಿನ್ಲೆಂಡಿನ ನೋಕಿಯಾ, ಚೀನಾದ ಹುವಾವೇ ಮತ್ತು ಝಡ್‌ಟಿಇ, ಕೊರಿಯಾದ ಸ್ಯಾಮ್‌ಸಂಗ್. ಆ ಸಾಲಿಗೆ ನಾವೂ ಹೋಗಿ ನಿಲ್ಲಬೇಕು ಅಂದ್ರೆ ಒಂದು ಸೆಮಿಸ್ಟರಿನ ಕೆಲಸ ಅಲ್ಲ. ಕೋರ್ ನೆಟ್‌ವರ್ಕ್ ಮಾಡಿದ್ದು ಸಿ-ಡಾಟ್, ಅದೇ ಕಿತ್ತೂರಿನ ಪೆಟ್ಟಿಗೆ ಮಾಡಿದವರು. ರೇಡಿಯೋ ಮಾಡಿದ್ದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಎಲ್ಲಾ ಸೇರಿಸಿ ನಿಲ್ಲಿಸಿದ್ದು ಟಿಸಿಎಸ್. 2023ರಲ್ಲಿ ಒಂದು ಲಕ್ಷ ಜಾಗಗಳಿಗೆ ಆರ್ಡರ್ ಸಿಕ್ತು. 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಇದನ್ನ ಉದ್ಘಾಟಿಸಿದಾಗ 97,500ಕ್ಕೂ ಹೆಚ್ಚು ಟವರುಗಳ ಲೆಕ್ಕ ಕೊಟ್ಟರು. ಮಧ್ಯದಲ್ಲಿ, 2024ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತ್ರೈಮಾಸಿಕದಲ್ಲಿ ಕಂಪನಿ 262 ಕೋಟಿ ಲಾಭ ತೋರಿಸಿತ್ತು. 2007ರ ನಂತರ ಅದೇ ಮೊದಲು.

ಇಷ್ಟು ಹೇಳಿದ್ದಕ್ಕೆ ನಾವು ಬಿಎಸ್‌ಎನ್‌ಎಲ್ ಪ್ರಚಾರ ಮಾಡ್ತಿದ್ದೀವಿ ಅಂದುಕೊಳ್ಳಬೇಡಿ. ಅಕ್ಕನ ಫೋನಿನಲ್ಲಿ, ಈ ಲೇಖನ ಟೈಪ್ ಮಾಡಿದ ಫೋನಿನಲ್ಲಿ ಇರೋದು ಖಾಸಗಿ ಸಿಮ್ಮೇ. ತಡವಾಗಿ ಬಂದವರಿಗೆ ಸ್ಪರ್ಧೆ ಕಷ್ಟ. ಬೇರೆಯವರು 5ಜಿಯಲ್ಲಿರುವಾಗ ಇವರು 4ಜಿ ಮುಗಿಸ್ತಿದ್ದಾರೆ. ಆದ್ರೆ ಲಾಭ ಇಲ್ಲದ ಕಡೆ ಟವರು ಹಾಕೋರು ಯಾರು ಅನ್ನೋ ಪ್ರಶ್ನೆಗೆ ಸ್ಪರ್ಧೆ ಉತ್ತರ ಕೊಡಲ್ಲ. 2022ರಲ್ಲಿ ಸಿಗ್ನಲ್ಲೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡೋ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ಕೆಲಸ ವಹಿಸಿದ್ದು ಬಿಎಸ್‌ಎನ್‌ಎಲ್‌ಗೆ. 2024ರ ಜುಲೈ 30ರಂದು ವಯನಾಡಿನ ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ಆ ಊರಲ್ಲಿ ಇದ್ದಿದ್ದು ಬಿಎಸ್‌ಎನ್‌ಎಲ್ ಟವರು. ಕರೆಂಟು ಹೋದ ಮೇಲೆ ಡೀಸೆಲ್ ಜನರೇಟರಿನಲ್ಲಿ ಅದನ್ನ ಓಡಿಸಿದ್ರು, ರಕ್ಷಣಾ ಕೆಲಸದವರಿಗಾಗಿ ಅವಸರದಲ್ಲಿ 4ಜಿ ಮಾಡಿದ್ರು. ಒಂದು ಊರಿಗೆ ಒಂದೇ ಟವರು ಇದ್ದು, ಅದು ನಿಂತಿದ್ರೆ ಏನಾಗ್ತಿತ್ತು ಅಂತ ಕಾಲುವೆಯಲ್ಲಿ ಬಿದ್ದ ತಾತ ಇರೋ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಪ್ರಶ್ನೆ

ನಮ್ಮ ಡಬ್ಬದೊಳಗಿನ ಮಾಡ್ಯೂಲು 2ಜಿ ಮಾತ್ರ. ನೀವು ಲ್ಯಾಬಿನಲ್ಲಿ ಆರ್ಡುಯಿನೋಗೆ ಕಟ್ಟೋ ಸಿಮ್800 ಇದೆಯಲ್ಲ, ಅದೇ ಜಾತಿ. ಅದಕ್ಕೆ 4ಜಿ ಗೊತ್ತಿಲ್ಲ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ. ಸಿಂಗಾಪುರದಂಥ ದೇಶಗಳು 2017ರಲ್ಲೇ 2ಜಿ ಮುಚ್ಚಿವೆ. ನಮ್ಮಲ್ಲೂ ಇವತ್ತಲ್ಲ ನಾಳೆ ಆ ಮಾತು ಬರುತ್ತೆ. ಆ ತರಂಗಾಂತರವನ್ನ ಹೊಸ ಸೇವೆಗೆ ಬಳಸಿದ್ರೆ ಲಾಭ ಅನ್ನೋದು ತಾಂತ್ರಿಕವಾಗಿ ಸರಿಯಾದ ಮಾತೇ. ಆದ್ರೆ ಅವತ್ತು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟಗಳಲ್ಲಿ ಇರೋ ಇಂಥ ಡಬ್ಬಗಳೆಲ್ಲ ಒಂದೇ ರಾತ್ರಿಗೆ ಮೂಕ ಆಗ್ತವೆ. ತಾತಂದಿರು ಮತ್ತೆ ಟಾರ್ಚು ಹುಡುಕ್ತಾರೆ.

ಹೊಸ 4ಜಿ ಸ್ಟಾರ್ಟರುಗಳು ಮಾರ್ಕೆಟ್ಟಿಗೆ ಬಂದಿವೆ. ಆದ್ರೆ ಚೆನ್ನಾಗಿ ಓಡ್ತಿರೋ ಸ್ಟಾರ್ಟರನ್ನ ಕಿತ್ತು ಹೊಸದು ಹಾಕಿಸೋಕೆ ಯಾವ ರೈತನಿಗೂ ಮನಸ್ಸು ಬರಲ್ಲ. ಬದಲಾಯಿಸಬೇಕಾಗಿರೋದು ಒಳಗಿನ ಬೋರ್ಡು ಮಾತ್ರ. ಹಾಗಾಗಿ ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಮ್ಮ ಟೀಮಿನ ಸಿನಾಪ್ಸಿಸ್ ಹೀಗಿದೆ: ಹಳೇ ಡಬ್ಬದ ರಿಲೇ, ಕಾಂಟ್ಯಾಕ್ಟರು ಎಲ್ಲಾ ಹಾಗೇ ಇಟ್ಕೊಂಡು, 2ಜಿ ಮಾಡ್ಯೂಲು ಇದ್ದ ಜಾಗಕ್ಕೆ 4ಜಿ ಕ್ಯಾಟ್-1 ಮಾಡ್ಯೂಲು ಕೂರಿಸೋ ಒಂದು ಬೋರ್ಡು. 700ರ ಬ್ಯಾಂಡು ಹಿಡಿಯೋದೇ ಆಗಬೇಕು. ತಗಡಿನ ಡಬ್ಬದೊಳಗಿನ ಬಿಸಿಲಿಗೆ ಸಾಯಬಾರದು, ಕಿತ್ತೂರಿನವರು ಎಸಿ ಇಲ್ಲದೆ ಮಾಡಿದ್ರಲ್ಲ ಹಾಗೆ. ಇನ್ನೊಂದು ಸಾಲನ್ನ ನಾವು ದಪ್ಪಕ್ಷರದಲ್ಲಿ ಸೇರಿಸಿದ್ದೀವಿ: ಡಬ್ಬಕ್ಕೆ ಬರೋ ಪ್ರತಿಯೊಂದು ಎಸ್‌ಎಂಎಸ್ ಮನೆಯವರ ಎರಡು ನಂಬರಿಗೆ ಫಾರ್ವರ್ಡ್ ಆಗಬೇಕು.

ಗೈಡ್ ಮೇಡಂ ಅದನ್ನ ನೋಡಿ "ಇದೇನು, ಇಷ್ಟು ಸಣ್ಣ ಫೀಚರ್‌ಗೆ ಇಷ್ಟು ದಪ್ಪ ಅಕ್ಷರ ಯಾಕೆ?" ಅಂದ್ರು. ತೋಟದ ಕಥೆ ಹೇಳಿದ್ವಿ. ಅವರು ಅದರ ಕೆಳಗೆ ಗೆರೆ ಎಳೆದು ಸಹಿ ಮಾಡಿದ್ರು. ಟೀಮಿಗೆ ಇನ್ನೊಬ್ಬರು ಬೇಕು, ಪಿಸಿಬಿ ಡಿಸೈನ್ ಬರೋರು ಯಾರಾದ್ರೂ ಇದ್ರೆ ಸಂಜೆ ಐದರ ಮೇಲೆ ಇಸಿ ಬ್ಲಾಕಿನ ಲ್ಯಾಬಿಗೆ ಬನ್ನಿ. ಟೆಸ್ಟಿಂಗ್ ಕೆ.ಬಿ. ಕ್ರಾಸಿನಲ್ಲೇ. ಊಟ ನಮ್ಮ ಮನೆಯಲ್ಲಿ, ಎಳನೀರು ಎಷ್ಟು ಬೇಕಾದ್ರೂ.